ಒಂಬತ್ತು ಪಾದ

ಹನ್ನೊಂದನೇ ಕಂತು

"ಹಗ್ಗ ಸಡ್ಲ ಬಿಡಬ್ಯಾಡ, ಜಗ್ಗಿ ಹಿಡಿ," ಎಂದ ಮಚ್ಛೇಂದ್ರ ಕುಣಿಯೊಳಗಿನಿಂದ.

ಮೇಲೆ ನಿಂತಿದ್ದ ಪೇದೆ ಏಕನಾಥ ಹಗ್ಗದ ತುದಿಯನ್ನು ಎರಡೂ ಕೈಯಿಂದ ಜಗ್ಗಿ ಹಿಡಿದ. ಇದು ನಾಲ್ಕನೇ ಸಲ. ನಾಲ್ಕು ದಿನದಲ್ಲಿ ಕುಣಿ ಬೆಳೆದೂ ಇಲ್ಲ, ಕುಗ್ಗಿಯೂ ಇಲ್ಲ, ನಮ್ಮ ಅಮೀನ ಸಾಹೇಬರು ಮಾತ್ರ ಅಳೆಯುವುದು ಬಿಟ್ಟಿಲ್ಲ ಎಂದು ಅವನು ಚಹಾದಂಗಡಿಯಲ್ಲಿ ಆಡಿಕೊಂಡದ್ದು ಮಚ್ಛೇಂದ್ರನ ಕಿವಿಗೂ ಬಿದ್ದಿತ್ತು. ಬೀಳಲಿ ಎಂದೇ ಆಡಿದ್ದಿರಬೇಕು. ಸರಕಾರ ಸಬ್ ಇನ್ಸ್‌ಪೆಕ್ಟರ್ ಎಂದು ಕರೆದರೂ ಊರಿನ ಬಾಯಲ್ಲಿ ಮಚ್ಛೇಂದ್ರ ಇನ್ನೂ ಅಮೀನನೇ.

ಆರು ಅಡಿ ನಾಲ್ಕು ಇಂಚು. ಇವತ್ತೂ ಅಷ್ಟೇ.

ಬೀದರ ಸೀಮೆಯ ಕೆಂಪು ಮುರುಮಿನ ಗಟ್ಟಿ ನೆಲಕ್ಕೆ ಒಂದು ಗುಣವಿದೆ. ಒಮ್ಮೆ ಕಡಿದರೆ ಕಡಿದ ಗೆರೆ ಹಾಗೇ ನಿಲ್ಲುತ್ತದೆ. ಒಳಗೆ ಸಡಿಲ ಮಣ್ಣು ತುಂಬಿ, ಮೇಲೆ ಎಂಟು ವರ್ಷ ಜನ ಓಡಾಡಿದರೂ ಅಂಚು ಕುಸಿಯುವುದಿಲ್ಲ. ಕಳೆದ ಗುರುವಾರ ಕಳಸವಾಡಿ ಸ್ಟೇಷನ್ನಿನ ಹಳೆಯ ಮಾಲುಗೋದಾಮನ್ನು ಕೆಡವಿ ನೆಲ ಅಗೆದಾಗ ಆ ಸಡಿಲ ಮಣ್ಣು ತಾನಾಗಿ ಜಾರಿತ್ತು. ಒಳಗೆ ಗೋಡೆಯ ಗೂಡಿನಲ್ಲಿ ಒಬ್ಬ ಮನುಷ್ಯನ ಎಲುಬು ಕುಳಿತ ಹಾಗೇ ಕುಳಿತಿತ್ತು. ಎಡಗೈ ಎಲುಬುಗಳ ನಡುವೆ ಲಿಂಗ. ಮಡಿಲಲ್ಲಿ ರೈಲಿನ ಕಬ್ಬಿಣದ ಗೋಳಾ.

ಗೋಳಾ ನೋಡಿದ ಕೂಡಲೇ ಊರಿಗೆ ಆ ಮನುಷ್ಯ ಯಾರೆಂದು ತಿಳಿಯಿತು. ಒಂಟಿ ಹಳಿಯ ಈ ದಾರಿಯಲ್ಲಿ ಸ್ಟೇಷನ್ ಮಾಸ್ತರರು ಕೊಡುವ ಗೋಳಾ ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಎಂಟು ವರ್ಷದ ಹಿಂದೆ, ಪೊಲೀಸ್ ಕಾರ್ಯಾಚರಣೆಯ ವಾರದಲ್ಲಿ, ಬಂದೂಕಿನವರು ತುಂಬಿದ್ದ ಒಂದು ಗಾಡಿ ಇಲ್ಲಿ ಎರಡು ದಿನ ನಿಂತೇ ಇತ್ತು. ಹಳಿ ಬದಲಿಸುವ ಕಾಂಟೇವಾಲಾ ಹಾವಗೆಪ್ಪ ಗೋಳಾ ಸಮೇತ ನಾಪತ್ತೆಯಾಗಿದ್ದ. ಆ ಬಂದೂಕಿನವರು ಯಾರ ಕಡೆಯವರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾವಗೆಪ್ಪ ಹೇಡಿ, ಹೆದರಿ ಓಡಿಹೋದ ಎಂಬುದನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಿದ್ದರು. ಓಡಿಹೋದವನು ಎಂಟು ವರ್ಷ ಅವರ ಕಾಲ ಕೆಳಗೇ ಕುಳಿತಿದ್ದ.

ತಲೆಯ ಹಿಂದೆ ಒಂದೇ ಏಟು, ಕಬ್ಬಿಣದ್ದು ಎಂದು ಬೀದರಿನ ಡಾಕ್ಟರು ಬರೆದಿದ್ದರು.

ಮಚ್ಛೇಂದ್ರ ಕುಣಿಯಿಂದ ಹತ್ತಿ ಮೇಲೆ ಬಂದು ಅಂಗೈ ಝಾಡಿಸಿಕೊಂಡ. ಪ್ಲಾಟ್‌ಫಾರಂ ಮೇಲೆ ಗಡಿಯಾರ ಹತ್ತೂ ಕಾಲು ತೋರಿಸುತ್ತಿತ್ತು. ಹನ್ನೊಂದರ ಗಾಡಿಗೆ ಇನ್ನು ಮುಕ್ಕಾಲು ತಾಸು ಎಂದುಕೊಂಡ. ರಾತ್ರಿ ನಿದ್ದೆ ಬಂದಿರಲಿಲ್ಲ.

ಇವತ್ತು ಅಕ್ಟೋಬರ್ ಮೂವತ್ತೊಂದು. ನಾಳೆ ಬೆಳಗಾದರೆ ಬೀದರ ಜಿಲ್ಲೆ ಹೈದರಾಬಾದಿನದಲ್ಲ, ಮೈಸೂರು ರಾಜ್ಯದ್ದು. ಹಳೆಯ ರಾಜ್ಯದ ಕೊಲೆ ಹಳೆಯ ರಾಜ್ಯದಲ್ಲೇ ಮುಗಿಯಲಿ, ಹೊಸ ಮನೆಗೆ ಹಳೆಯ ಕಸ ಒಯ್ಯುವುದು ಬೇಡ ಎಂದು ಮೇಲಿನ ಸಾಹೇಬರು ಬರೆದಿದ್ದರು. ಹನ್ನೊಂದರ ಗಾಡಿಗೆ ಆರೋಪಿಯನ್ನೂ ಕಾಗದಗಳನ್ನೂ ಬೀದರಿಗೆ ಕಳಿಸಬೇಕು. ತಪ್ಪೊಪ್ಪಿಗೆ ಇದೆ, ಸಾಕ್ಷಿ ಇದೆ, ಇನ್ನೇನು ಬೇಕು? ಹಾಗೆ ಹೋದ ಮುದುಕನಿಗೆ ಗಲ್ಲು ತಪ್ಪುವುದಿಲ್ಲ ಎಂಬುದು ಸಾಹೇಬರಿಗೂ ಗೊತ್ತು, ಮಚ್ಛೇಂದ್ರನಿಗೂ ಗೊತ್ತು.

ಆ ಮುದುಕ ಗೌಸೋದ್ದೀನ. ಇದೇ ಸ್ಟೇಷನ್ನಿನ ಗೇಟು ಕಾದು ಕೂದಲು ಬೆಳ್ಳಗೆ ಮಾಡಿಕೊಂಡವನು, ಹಾವಗೆಪ್ಪನ ಜೀವದ ಗೆಳೆಯ. ಆ ದಿನ ಅವನು ಗೋದಾಮಿನಿಂದ ಹೊರಬಂದದ್ದನ್ನು ಕಣ್ಣಾರೆ ಕಂಡೆ ಎಂದು ಸಾಕ್ಷಿ ಹೇಳಿದವರು ತೊಗರಿಯ ವ್ಯಾಪಾರಿ ಶಿವರಾಜಪ್ಪ. ಆ ಕಾಲದಲ್ಲಿ ಗೋದಾಮಿನ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಊರಿನ ದೊಡ್ಡ ಮನುಷ್ಯರು, ಅವರ ಮಾತನ್ನು ಯಾರು ತೆಗೆದುಹಾಕುತ್ತಾರೆ?

ಮೊದಲ ಎರಡು ದಿನ ಗೌಸೋದ್ದೀನ ನನಗೇನೂ ಗೊತ್ತಿಲ್ಲ ಎಂದೇ ಕುಳಿತಿದ್ದ. ಆಗ ಕೇಳುತ್ತಿದ್ದವರು ಬೇರೆ ಅಧಿಕಾರಿ. ಮೂರನೇ ದಿನ ಕೇಸು ಭಾಲ್ಕಿಯಿಂದ ಬಂದ ಮಚ್ಛೇಂದ್ರನ ಕೈಗೆ ಬಿತ್ತು. ಮುದುಕ ತಲೆ ಎತ್ತಿ ಅವನ ಮುಖ ನೋಡಿದ, ಯಾವ ಊರು ಎಂದು ಕೇಳಿದ. ಭಾತಂಬ್ರಾ ಎಂದಾಗ ತಂದೆಯ ಹೆಸರು ಕೇಳಿದ. ಕಾಶೀರಾಮ ಎಂದು ಮಚ್ಛೇಂದ್ರ ಹೇಳಿದ. ಗೌಸೋದ್ದೀನ, ಬರ್ಕೋ, ನಾನೇ ಹೊಡೆದೆ ಎಂದುಬಿಟ್ಟ. ಕುಣಿಯನ್ನೂ ನಾನೇ ತೋಡಿದೆ, ಅವರ ಪದ್ಧತಿಯಂತೆ ನನ್ನ ಪಾದದಿಂದ ಒಂಬತ್ತು ಪಾದ ಅಳೆದೆ ಎಂದೂ ಬರೆಸಿದ.

ಆ ಕೊನೆಯ ಮಾತೇ ಮಚ್ಛೇಂದ್ರನ ನಿದ್ದೆ ಕೆಡಿಸಿದ್ದು.

ಅವನ ತಂದೆ ಕಾಶೀರಾಮ ಭಾತಂಬ್ರಾದಲ್ಲಿ ಲಿಂಗಾಯತರ ಮನೆಯ ಸಾವಿಗೆಲ್ಲ ಕುಣಿ ತೋಡಿದವನು. ಲಿಂಗಾಯತರು ಹೆಣವನ್ನು ಮಲಗಿಸುವುದಿಲ್ಲ, ಗೂಡಿನಲ್ಲಿ ಕೂಡಿಸುತ್ತಾರೆ. ಕುಣಿಯ ಉದ್ದ ಒಂಬತ್ತು ಪಾದ. ಯಾರ ಪಾದ ಎಂಬುದು ತೋಡುವವನಿಗೆ ಗೊತ್ತು, ಕುಣಿಯ ಹತ್ತಿರ ನಿಲ್ಲುವ ಗಂಡಸರಿಗೆ ಗೊತ್ತು. ಸತ್ತವನದೇ ಪಾದ. ಹೆಣದ ಅಂಗಾಲಿಗೆ ದಾರ ಹಿಡಿದು, ಅದನ್ನು ಒಂಬತ್ತು ಸಲ ಎಣಿಸಿ, ನೆಲದ ಮೇಲೆ ಗೆರೆ ಎಳೆಯುತ್ತಾರೆ. ಕಾಶೀರಾಮ ಹೆಣ ಮುಟ್ಟುವ ಹಾಗಿರಲಿಲ್ಲ. ದಾರ ಮನೆಯವರು ಹಿಡಿಯುವರು, ಗೆರೆ ಅವರೇ ಎಳೆಯುವರು, ಗುದ್ದಲಿ ಮಾತ್ರ ಇವನದು.

ಹಾವಗೆಪ್ಪನ ರೈಲ್ವೆ ಬೂಟುಗಳನ್ನು ಅವನ ಹೆಂಡತಿ ಈರಮ್ಮ ಇನ್ನೂ ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದಳು. ಅವನ ಪಾದ ಹತ್ತೂವರೆ ಇಂಚು. ಅದರ ಪ್ರಕಾರ ಕುಣಿ ಎಂಟು ಅಡಿಯ ಹತ್ತಿರ ಬರಬೇಕು. ಗೌಸೋದ್ದೀನನ ಪಾದವೂ ಹೆಚ್ಚುಕಡಿಮೆ ಅಷ್ಟೇ. ಯಾರ ಪಾದ ಹಿಡಿದರೂ ಲೆಕ್ಕ ಕೂಡುತ್ತಿರಲಿಲ್ಲ.

ಮಚ್ಛೇಂದ್ರ ಕುಣಿಯ ಉದ್ದದ ಹಗ್ಗವನ್ನು ಮೂರು ಮಡಿಕೆ ಮಾಡಿದ. ಅದನ್ನು ಮತ್ತೆ ಮೂರು ಮಡಿಕೆ ಮಾಡಿದ. ಕೈಯಲ್ಲಿ ಉಳಿದದ್ದು ಎಂಟೂವರೆ ಇಂಚಿಗೂ ತುಸು ಕಡಿಮೆ. ಸಣ್ಣ ಪಾದ.

ಇನ್ನೊಂದು ಸಂಗತಿ ಇತ್ತು. ಅದನ್ನು ಅವನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಕುಣಿ ಗಿಡ್ಡವಾಗಿದ್ದರೂ ಅದರ ಗೂಡು ಇರಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚು ಆಳವಿತ್ತು. ಗೂಡಿನ ಕಮಾನನ್ನು ಗುದ್ದಲಿಯ ಬೆನ್ನಿನಿಂದ ತಟ್ಟಿ ತಟ್ಟಿ ನುಣ್ಣಗೆ ಮಾಡಲಾಗಿತ್ತು. ಹಾಗೆ ತಟ್ಟುವುದು ಗೇಟು ಕಾಯುವವನ ಕೈಯಲ್ಲ. ಅದರ ಮೇಲೆ ಕೈ ಆಡಿಸಿದಾಗಲೆಲ್ಲ ಮಚ್ಛೇಂದ್ರ ಕೈ ತೆಗೆದು ಬೇರೆ ಕಡೆ ನೋಡುತ್ತಿದ್ದ.

ಸ್ಟೇಷನ್ನಿನ ಮುಂದೆ ನಾಳಿನ ಸಭೆಗೆ ಮಂಟಪ ಎದ್ದಿತ್ತು. ಬಣ್ಣದವನು ನಿಚ್ಚಣಿಕೆ ಹತ್ತಿ ಹಳೆಯ ಫಲಕದ ಮೇಲೆ ಕನ್ನಡದಲ್ಲಿ ಊರ ಹೆಸರು ಬರೆಯುತ್ತಿದ್ದ. ಶಿವರಾಜಪ್ಪನವರು ಬೆಳಿಗ್ಗೆ ಏಳಕ್ಕೇ ಬಂದು ನೋಡುತ್ತೇನೆ ಎಂದಿದ್ದರಂತೆ, ಇನ್ನೂ ಸುಳಿವಿಲ್ಲವಂತೆ. ಇಂಥ ಕಡೆ ತಡವಾಗಿ ಬರುವ ಆಸಾಮಿಯಲ್ಲ ಅವರು. ಮಂಟಪದ ನಡುವೆ ಅವರಿಗೆಂದೇ ಹಾಕಿದ್ದ ಗಾದಿಯ ಕುರ್ಚಿ ಖಾಲಿ ಇತ್ತು.

ನಾಳೆ ಅವರು ಓದಬೇಕಿದ್ದ ಭಾಷಣದ ಒಂದು ಪ್ರತಿಯನ್ನು ಮಚ್ಛೇಂದ್ರ ನೋಡಿದ್ದ. ಅದರಲ್ಲಿ ಕಳಸವಾಡಿ ಸ್ಟೇಷನ್ನಿನ ಚರಿತ್ರೆಯೇ ಎರಡು ಪುಟ. ನಿಜಾಮರ ಕಾಲದಲ್ಲಿ ರೈಲು ಬಂದದ್ದು, ಕೆಂಪು ಕಲ್ಲಿನ ಕಟ್ಟಡ ಎದ್ದದ್ದು, ಎತ್ತಿನ ಗಾಡಿಯಲ್ಲಿ ನಾಲ್ಕು ದಿನ ನಡೆಯುತ್ತಿದ್ದ ತೊಗರಿ ಒಂದೇ ಹಗಲಿನಲ್ಲಿ ಹೈದರಾಬಾದ್ ಸೇರಿದ್ದು, ಮೊದಲ ಗಾಡಿಯ ಎಂಜಿನ್ನಿಗೆ ಹೆಂಗಸರು ಆರತಿ ಎತ್ತಿದ್ದು ಎಲ್ಲವೂ ಇತ್ತು. ಮಣ್ಣು ಹೊತ್ತವರ ಹೆಸರು ಇರಲಿಲ್ಲ. ಗಾಡಿ ನಿಂತ ಆ ಎರಡು ದಿನವೂ ಇರಲಿಲ್ಲ.

ಮಣ್ಣು ಹೊತ್ತವರಲ್ಲಿ ಮೂವರು ಹುಡುಗಪ್ರಾಯದವರು ಒಂದೇ ಬುತ್ತಿ ಬಿಚ್ಚುತ್ತಿದ್ದರು ಎಂದು ಹಳೆಯ ಹಮಾಲರು ಇವತ್ತಿಗೂ ಹೇಳುತ್ತಾರೆ. ಹಾವಗೆಪ್ಪ, ಗೌಸೋದ್ದೀನ, ಕಾಶೀರಾಮ. ಊರಿನಲ್ಲಿ ಆಗದ ಮಾತು ರೈಲಿನ ಮಣ್ಣಿನ ಮೇಲೆ ಆಗುತ್ತಿತ್ತು. ಹಳಿ ಮುಗಿದ ಮೇಲೆ ಒಬ್ಬನಿಗೆ ಕಾಂಟೆಯ ಕೆಲಸ ಸಿಕ್ಕಿತು, ಒಬ್ಬನಿಗೆ ಗೇಟಿನ ಕೆಲಸ. ಮೂರನೆಯವನು ಸ್ಟೇಷನ್ನಿನ ನೀರಿನ ಹಂಡೆ ಮುಟ್ಟಿದರೆ ಪ್ರಯಾಣಿಕರು ಕುಡಿಯುವುದಿಲ್ಲ ಎಂದರು. ಕಾಶೀರಾಮ ಗುದ್ದಲಿ ಹೆಗಲಿಗೆ ಹಾಕಿಕೊಂಡು ಭಾತಂಬ್ರಾಕ್ಕೆ, ಕುಣಿಗಳಿಗೆ ತಿರುಗಿ ಹೋದ.

ಎಂಟು ವರ್ಷದ ಹಿಂದೆ ಆ ಗುದ್ದಲಿಯನ್ನೂ ಅವನು ಬಿಟ್ಟ. ಮಚ್ಛೇಂದ್ರ ಆಗ ಬೀದರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ದಸರೆಗೆ ಮನೆಗೆ ಬಂದಾಗ ಗುದ್ದಲಿ ಗೂಟಕ್ಕೆ ತೂಗುತ್ತಿತ್ತು. ಇನ್ನು ಸಾಕು, ಯಾರ ಕುಣಿಯನ್ನೂ ತೋಡುವುದಿಲ್ಲ ಎಂದಿದ್ದ ಅಪ್ಪ. ಸತ್ತವರ ಚಾಕರಿ ಬಿಡಿ, ತಲೆ ಎತ್ತಿ ಬದುಕಿ ಎಂದು ಕೇರಿ ಕೇರಿಯಲ್ಲಿ ಸಭೆಗಳಾಗುತ್ತಿದ್ದ ಕಾಲ. ನಮ್ಮಪ್ಪ ಬಿಟ್ಟುಬಿಟ್ಟ ನೋಡಿ ಎಂದು ಮಚ್ಛೇಂದ್ರ ಹಾಸ್ಟೆಲಿನವರ ಮುಂದೆಲ್ಲ ಎದೆ ಉಬ್ಬಿಸಿ ಹೇಳಿಕೊಂಡಿದ್ದ. ಈ ತಿಂಗಳು ಅಪ್ಪ ಅವ್ವ ಇಬ್ಬರೂ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಾಗಲೂ ಅವನಿಗೆ ಮೊದಲು ನೆನಪಾದದ್ದು ಆ ಗೂಟವೇ.

ಹಗ್ಗದ ಮಡಿಕೆಯನ್ನು ಕಿಸೆಯಲ್ಲಿಟ್ಟುಕೊಂಡು ಅವನು ಬೇವಿನ ಮರದ ಕಡೆ ನಡೆದ.

ಮರದ ಕೆಳಗೆ ಈರಮ್ಮ ನೀರಿನ ಕೊಡಗಳ ಹಿಂದೆ ಕುಳಿತಿದ್ದಳು. ಗಾಡಿ ಬಂದಾಗ ಪ್ರಯಾಣಿಕರಿಗೆ ನೀರು ಹಾಕುವುದು, ಉಳಿದ ಹೊತ್ತು ಗೋದಾಮಿನ ಕಸ ಹೊಡೆಯುವುದು ಅವಳ ಕೆಲಸ. ಗಂಡ ಓಡಿಹೋದವಳು ಎಂಬ ಹೆಸರು ಹೊತ್ತು, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ ಇಟ್ಟುಕೊಂಡೇ ಎಂಟು ವರ್ಷ ದುಡಿದವಳು. ಎಲುಬು ಸಿಕ್ಕ ದಿನ ಊರ ಹೆಂಗಸರು ಬಂದು ಬಳೆ ಒಡೆಯಲು ಹೋದರೆ, ಇನ್ನೂ ಹೊತ್ತಾಗಿಲ್ಲ ಎಂದು ಕೈ ಹಿಂದಕ್ಕೆಳೆದುಕೊಂಡಳಂತೆ. ದುಃಖಕ್ಕೆ ಬುದ್ಧಿ ಸ್ಥಿಮಿತ ತಪ್ಪಿದೆ ಎಂದು ಅವರು ಹೊರಟುಹೋದರು.

ಹಮಾಲರು ಇನ್ನೊಂದು ಮಾತು ಹೇಳಿದ್ದರು. ಗೋದಾಮಿನ ಆ ಮೂಲೆಯಲ್ಲಿ ಅವಳು ಒಂದು ಚೀಲವನ್ನೂ ಇಡಗೊಟ್ಟವಳಲ್ಲ. ಅಲ್ಲಿ ಸರ್ಪವಿದೆ ಎಂದು ಹೆದರಿಸುತ್ತಿದ್ದಳು. ಸೋಮವಾರಕ್ಕೊಮ್ಮೆ ಅಷ್ಟೇ ಜಾಗವನ್ನು ಸಗಣಿಯಿಂದ ಸಾರಿಸುತ್ತಿದ್ದಳು. ಸರ್ಪಕ್ಕೆ ಭಕ್ತಿ ಎಂದುಕೊಂಡು ಹಮಾಲರು ಸುಮ್ಮನಿದ್ದರು.

ಮಚ್ಛೇಂದ್ರ ಬಂದದ್ದು ಕಂಡು ಅವಳು ಎದ್ದು ನಿಂತಳು, ಎರಡು ಹೆಜ್ಜೆ ಮುಂದೆ ಬಂದಳು. ಕೊಡದಿಂದ ಚೆಲ್ಲಿದ ನೀರಿಗೆ ಕೆಂಪು ಧೂಳು ನೆನೆದಿತ್ತು. ಅವಳು ಕಾಲು ಎತ್ತಿದಾಗ ಪಾದದ ಗುರುತು ನೆಲದಲ್ಲಿ ಸ್ಪಷ್ಟವಾಗಿ ಉಳಿಯಿತು, ಐದೂ ಬೆರಳು ಸಮೇತ.

ಮಚ್ಛೇಂದ್ರ ಕುಕ್ಕರಗಾಲಲ್ಲಿ ಕುಳಿತು ಕಿಸೆಯಿಂದ ಹಗ್ಗದ ಮಡಿಕೆ ತೆಗೆದ. ಹಿಮ್ಮಡಿಯ ಗುರುತಿಗೆ ಒಂದು ತುದಿ ಇಟ್ಟ. ಇನ್ನೊಂದು ತುದಿ ಹೆಬ್ಬೆರಳಿನ ಗುರುತಿಗೆ ಸರಿಯಾಗಿ ಬಂದು ನಿಂತಿತು.

ಅವಳು ನೋಡುತ್ತಲೇ ಇದ್ದಳು. ಹಗ್ಗ ಯಾವುದು, ಮಡಿಕೆ ಎಷ್ಟು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೆಲ್ಲಗೆ ಕೊಡದ ಪಕ್ಕದಲ್ಲಿ ಕುಳಿತುಬಿಟ್ಟಳು.

"ಕುಣಿ ನೀವ ಅಳದೀರಿ, ಅವ್ವ," ಎಂದ ಮಚ್ಛೇಂದ್ರ.

"ಹೌದ್ರಿ."

"ಒಂಬತ್ತು ಪಾದ ಅಂದ್ರ ಸತ್ತವರ ಪಾದರಿ. ಅಳತಿ ಮಾಡಿದವರದಲ್ಲ."

ಈರಮ್ಮ ಅವನ ಮುಖ ನೋಡಿದಳು. ಸಿಕ್ಕಿಬಿದ್ದವಳ ಹೆದರಿಕೆ ಅಲ್ಲಿ ಇರಲಿಲ್ಲ. ಬೇರೇನೋ ತಪ್ಪಾಗಿ ಹೋಯಿತು ಎಂಬ ಗಾಬರಿ ಇತ್ತು.

"ಹೆಣ್ಣುಮಕ್ಕಳು ಕುಣಿ ತನಕ ಹೋಗೂದಿಲ್ಲರಿ ಸಾಹೇಬ್ರ. ಒಂಬತ್ತು ಪಾದ ಅಂತ ಕಿವೀಲೆ ಕೇಳಿದ್ದೆ, ಅಷ್ಟ. ಯಾರ ಪಾದ ಅಂತ ಯಾರ ಹೇಳ್ತಾರ್ರಿ ನಮಗ." ಅವಳ ದನಿ ಕುಗ್ಗಿತು. "ಹಂಗಾದ್ರ ಸಣ್ಣದಾತೇನ್ರಿ? ಅವರು ಎತ್ತರದ ಆಳು. ಎಂಟು ವರ್ಷ ಮುದುಡ್ಕೊಂಡ ಕುಂತಾರೇನ್ರಿ?"

ಕೊಲೆಯ ಕೇಸಿನಲ್ಲಿ ಇಂಥ ಪ್ರಶ್ನೆಗೆ ಉತ್ತರ ಕೊಡಬೇಕಾದೀತು ಎಂದು ಮಚ್ಛೇಂದ್ರ ಎಣಿಸಿರಲಿಲ್ಲ. ಸುಳ್ಳು ಹೇಳಬೇಕಾಗಿ ಬರಲಿಲ್ಲ, ಅದೊಂದು ಪುಣ್ಯ.

"ಇಲ್ಲವ್ವ. ಗೂಡು ಆಳ ಅದ. ಬೆನ್ನು ನೆಟ್ಟಗ ಮಾಡಿ, ಛೊಲೋ ಕುಂತಿದ್ರು."

ಈರಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಎಲುಬು ಸಿಕ್ಕ ದಿನವೂ ಅಳದವಳು ಈಗ ಅತ್ತಳು. ಹೊಡೆದವನ ಮೇಲಿನ ಸಿಟ್ಟು, ಊರು ಕೊಟ್ಟ ಹೆಸರು, ಒಂಟಿತನ ಯಾವುದೂ ಅವಳನ್ನು ಅಳಿಸಿರಲಿಲ್ಲ. ಗಂಡ ನೆಟ್ಟಗೆ ಕುಳಿತಿದ್ದನೆಂಬ ಒಂದು ಮಾತು ಅಳಿಸಿತು. ಮಚ್ಛೇಂದ್ರ ಮುಖ ತಿರುಗಿಸಿ ಹಳಿಯ ಕಡೆ ನೋಡುತ್ತ ಕುಳಿತ.

ಅಳು ನಿಂತ ಮೇಲೆ ಅವನು ಕೇಳಬೇಕಾದ್ದನ್ನು ಕೇಳಿದ. ಈ ಮುರುಮನ್ನು ಹೆಂಗಸೊಬ್ಬಳು ತೋಡಲಾರಳು. ಗೂಡು ಆಳ ಮಾಡಿದವರು ಬೇರೆ. ಗೆರೆ ಗಿಡ್ಡವಾಯಿತು ಎಂದು ಅವರಿಗೆ ಗೊತ್ತಾಗಿದೆ, ಅವಳಿಗೆ ಹೇಳಿ ನೋಯಿಸದೆ ಗೂಡಿನಲ್ಲಿ ಸರಿ ಮಾಡಿದ್ದಾರೆ. ಅವರು ಯಾರು?

"ಕೇಳಬ್ಯಾಡ್ರಿ."

"ಹನ್ನೊಂದಕ್ಕ ಗಾಡಿ ಅದ ಅವ್ವ. ಗೌಸೋದ್ದೀನ ಮಾಮಾನ್ನ ಕರಕೊಂಡು ಹೋಗ್ತಾರ. ಗಲ್ಲು ಆಗ್ತದ."

ಈರಮ್ಮ ಬಳೆಯೊಂದನ್ನು ಹಿಂದೆ ಮುಂದೆ ಸರಿಸಿದಳು.

"ನಿಮಗ ಗೊತ್ತದ್ರಿ," ಎಂದಳು ಕೊನೆಗೆ. "ನಾಕ ದಿನದಿಂದ ಕುಣ್ಯಾಗ ಇಳದು ಆ ಗೂಡಿನ ಮ್ಯಾಲ ಕೈ ಆಡಸ್ತೀರಿ. ಆಮ್ಯಾಲ ಬ್ಯಾರೆ ಕಡಿ ನೋಡ್ತೀರಿ. ನಾ ಇಲ್ಲಿ ಕುಂತು ನೋಡೇನಿ. ನಿಮಗ ಗೊತ್ತದ."

ನಿಚ್ಚಣಿಕೆಯ ಮೇಲಿಂದ ಬಣ್ಣದವನು ಯಾರಿಗೋ ಏನೋ ಕೂಗಿ ಹೇಳಿದ. ಮಚ್ಛೇಂದ್ರನಿಗೆ ಕೇಳಿಸಲಿಲ್ಲ. ಕೇಳಿಸುತ್ತಿದ್ದುದು ಒಂದೇ ಸದ್ದು, ಗುದ್ದಲಿಯ ಬೆನ್ನಿನಿಂದ ಹಸಿ ಮುರುಮನ್ನು ತಟ್ಟುವ ಸದ್ದು. ಊಟದ ಬುತ್ತಿ ಒಯ್ದಾಗ ಕುಣಿಯ ದಂಡೆಯ ಮೇಲೆ ಕುಳಿತು ಅದನ್ನು ಅವನು ನೂರು ಸಲ ಕೇಳಿದ್ದ. ಯಾಕಪ್ಪ ಇಷ್ಟು ತಟ್ಟುತ್ತೀ, ಮಣ್ಣು ಮುಚ್ಚುವುದೇ ತಾನೇ ಎಂದು ಒಮ್ಮೆ ಕೇಳಿದ್ದಕ್ಕೆ, ಕುಂತವರ ಬೆನ್ನಿಗೆ ಚುಚ್ಚಬಾರದಪ್ಪ ಎಂದಿದ್ದ ಅಪ್ಪ.

"ಹೇಳ್ರಿ," ಎಂದ ಮಚ್ಛೇಂದ್ರ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

ಅವಳು ಹೇಳಿದಳು. ಊರಿಗೆ ಊರೇ ಮನೆ ಬಿಟ್ಟು ಹೊಲ ಸೇರಿದ್ದ ದಿನ. ಮಾಸ್ತರರೂ ಇರಲಿಲ್ಲ. ಬಂದೂಕಿನವರ ಗಾಡಿ ಬಂದು ನಿಂತಿತ್ತು. ಗೋಳಾ ಕೊಟ್ಟರೆ ಈ ಗಾಡಿ ಮುಂದಿನ ಊರಿಗೆ ಹೋಗುತ್ತದೆ, ಹೋದರೆ ಅಲ್ಲಿ ಒಂದು ಮನೆಯೂ ಉಳಿಯುವುದಿಲ್ಲ ಎಂದು ಹಾವಗೆಪ್ಪ ಗೋಳಾವನ್ನು ಧೋತರದಲ್ಲಿ ಸುತ್ತಿಕೊಂಡು ಗೋದಾಮಿಗೆ ನಡೆದನಂತೆ. ಗೋದಾಮಿಗೆ ಬೀಗ ಹಾಕಿರಲಿಲ್ಲ. ಮಧ್ಯಾಹ್ನ ದಾಟಿದರೂ ಬಾರದ್ದಕ್ಕೆ ಅವಳು ತೊಗರಿ ಹೊಲದ ಮರೆಯಲ್ಲಿ ಹುಡುಕುತ್ತ ಬಂದಳು.

"ನಾ ಬರೂದ್ರಾಗ ಅವರು ಬೋರಲ ಬಿದ್ದಿದ್ರು. ನಿಮ್ಮಪ್ಪಾರು ಬಾಜೂಕ ಕುಂತಿದ್ರು. ಕೈಯಾಗ ಗುದ್ದಲಿ ಇತ್ತು. ಯಾರ ಮಾಡಿದ್ರು ಅಂತ ಕೇಳದೆ. ಕುಣಿ ಎಲ್ಲಿ ತೋಡ್ಲಿ ಹೇಳವ್ವ, ಅಂದ್ರು. ಅಷ್ಟ ಅಂದ್ರು."

"ಆಮ್ಯಾಲ?"

"ಆಮ್ಯಾಲ ನಾ ಅಳದೆ. ಅವರು ತೋಡಿದ್ರು. ಗೂಡಿನ್ಯಾಗ ಇಬ್ಬರೂ ಕೂಡೇ ಕೂಡಸಿದೆವು." ಅವಳು ಮಚ್ಛೇಂದ್ರನ ಕಡೆ ನೋಡಿದಳು. "ಮುಟ್ಟಬ್ಯಾಡ್ರಿ ಅನ್ನಲಿಲ್ಲ ನಾ. ಅವರೂ ಕೇಳಲಿಲ್ಲ."

ಹೊರಡುವಾಗ ಕಾಶೀರಾಮ ಅವಳಿಂದ ಒಂದು ಮಾತು ತೆಗೆದುಕೊಂಡಿದ್ದ. ನಾನು ಬಂದು ಹೇಳುವ ತನಕ ಕುಂಕುಮ ಅಳಿಸಬೇಡ, ಬಳೆ ಒಡೆಯಬೇಡ. ಸತ್ತಿದ್ದಾನೆ ಎಂದು ತಿಳಿದರೆ ಹೊಡೆದವನು ನಿನ್ನನ್ನೂ ಬಿಡುವುದಿಲ್ಲ. ಗೌಸೋದ್ದೀನ ಅದೇ ಹೊತ್ತಿಗೆ ಗೋದಾಮಿನ ಬಾಗಿಲಿಗೆ ಬಂದು ಎಲ್ಲ ಕಂಡು, ಮಣ್ಣು ಮುಚ್ಚಲು ಕೈ ಹಾಕಿದ್ದ. ಅವನೂ ಮಾತು ಕೊಟ್ಟ. ಎಂಟು ವರ್ಷ ಅವಳು ಕಾಶೀರಾಮನ ದಾರಿ ನೋಡಿದಳು. ಅವನು ಕಳಸವಾಡಿ ಸ್ಟೇಷನ್ನಿನಲ್ಲಿ ಮತ್ತೆ ಕಾಲಿಡಲಿಲ್ಲ.

"ಅವರ ಹೊಡದಾರೋ, ಹೊಡದವರನ್ನ ಕಂಡಾರೋ, ನನಗ ಗೊತ್ತಿಲ್ಲರಿ," ಎಂದಳು ಈರಮ್ಮ. "ಕೇಳಲಿಕ್ಕ ಅಂಜಿದೆ. ಕೇಳಿದ್ರ ಎದ್ದು ಹೋಗತಿದ್ರೇನೋ. ಕುಣಿ ತೋಡಲಿಕ್ಕ ಇನ್ಯಾರೂ ಇರಲಿಲ್ಲರಿ."

ದೂರದಲ್ಲಿ ಗಾಡಿ ಕೂಗಿತು. ಭಾಲ್ಕಿ ಕಡೆಯಿಂದ ಬರುವ ಹನ್ನೊಂದರ ಗಾಡಿ.

ಮಚ್ಛೇಂದ್ರ ಎದ್ದ. ಗೌಸೋದ್ದೀನ ಯಾಕೆ ಮೊದಲು ಊರು ಕೇಳಿದ, ಆಮೇಲೆ ತಂದೆಯ ಹೆಸರು ಕೇಳಿದ, ಹೆಸರು ಕೇಳಿದ ಮೇಲೆಯೇ ಯಾಕೆ ತಪ್ಪೊಪ್ಪಿಕೊಂಡ ಎಂಬುದೀಗ ಅವನಿಗೆ ಅರ್ಥವಾಯಿತು. ಮುದುಕ ಗಲ್ಲಿಗೆ ಹೊರಟಿದ್ದು ಈರಮ್ಮನನ್ನು ಉಳಿಸಲಿಕ್ಕಲ್ಲ. ಕಾಶೀರಾಮನ ಮಗ ಅಮೀನನಾಗಿ ತನ್ನ ಎದುರು ಕುಳಿತಿದ್ದಾನೆ, ಅವನ ಕೈಯಿಂದಲೇ ಅವನ ಅಪ್ಪನ ಹೆಸರು ಬರೆಸುವುದು ಬೇಡ ಎಂದು ಹೊರಟಿದ್ದ.

ಗಾಡಿ ಬಂದು ನಿಂತಿತು. ಇಬ್ಬರು ಪೇದೆಗಳು ಗೌಸೋದ್ದೀನನನ್ನು ಹಿಡಿದು ಮೂರನೇ ದರ್ಜೆಯ ಡಬ್ಬಿ ಹತ್ತಿಸುತ್ತಿದ್ದರು. ಒಂದು ಕಾಲು ಮೆಟ್ಟಿಲ ಮೇಲಿತ್ತು. ಮಚ್ಛೇಂದ್ರ ಓಡುತ್ತ ಸ್ಟೇಷನ್ ಮಾಸ್ತರರ ಕೋಣೆಯ ಕಿಟಕಿಗೆ ಬಂದು, ನಾನು ಹೇಳುವ ತನಕ ಗೋಳಾ ಕೊಡಬೇಡಿ ಎಂದು ಕೇಳಿಕೊಂಡ. ಮಾಸ್ತರರು ಅವನ ಮುಖ ನೋಡಿ, ಯಾಕೆ ಎಂದು ಕೇಳದೆ ಗೋಳಾವನ್ನು ಮೇಜಿನ ಮೇಲೆ ತಿರುಗಿ ಇಟ್ಟರು. ಎಂಟು ವರ್ಷದ ಮೇಲೆ ಆ ಸ್ಟೇಷನ್ನಿನಲ್ಲಿ ಎರಡನೇ ಸಲ ಒಂದು ಗಾಡಿ ಗೋಳಾ ಇಲ್ಲದೆ ನಿಂತಿತು.

ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಅವನು ಗೌಸೋದ್ದೀನನ ತಪ್ಪೊಪ್ಪಿಗೆಗೆ ಅಡ್ಡಗೆರೆ ಎಳೆದ. ಕುಣಿ ಅಳೆದವರು ಎಂದು ಬರೆದು ಈರಮ್ಮನ ಹೆಸರು ಬರೆದ. ಕುಣಿ ತೋಡಿದವರು ಎಂದು ಬರೆದು ಪೆನ್ನು ತಡೆದ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು, ಶಾಲೆಯಲ್ಲಿ ಮೊದಲ ಸಲ ತಂದೆಯ ಹೆಸರು ಬರೆದಷ್ಟೇ ಕಷ್ಟಪಟ್ಟು, ಒಂದೊಂದೇ ಅಕ್ಷರ ಬರೆದ.

ಗೌಸೋದ್ದೀನ ದೂರದಿಂದ ಅದನ್ನು ಕಂಡ. ಏನು ಬರೆಯುತ್ತಿದ್ದಾನೆ ಎಂದು ಅವನಿಗೆ ಓದಬೇಕಾಗಿರಲಿಲ್ಲ.

"ಬರೀಬ್ಯಾಡ ಬೇಟಾ," ಎಂದ. "ಒಂದ ದಿನ ತಡಿ. ನಾ ಹೋಗ್ತೇನಿ, ನನಗ ಯಾರಿದ್ದಾರ."

"ಇಳಸ್ರಿ ಅವರನ್ನ," ಎಂದ ಮಚ್ಛೇಂದ್ರ ಪೇದೆಗಳಿಗೆ.

ಅವರು ಇಳಿಸಿದರು. ಮುದುಕ ಬೇಡಿ ಹಾಕಿದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಪ್ಲಾಟ್‌ಫಾರಂ ಮೇಲೆಯೇ ಕುಳಿತುಬಿಟ್ಟ. ಜೀವ ಉಳಿದದ್ದಕ್ಕೆ ಅಷ್ಟು ದುಃಖಪಟ್ಟವರನ್ನು ಮಚ್ಛೇಂದ್ರ ಇನ್ನೊಬ್ಬರನ್ನು ಕಂಡಿರಲಿಲ್ಲ.

ಆಗ ಹಿಂದಿನ ಡಬ್ಬಿಯಿಂದ ಇಳಿದ ಬಿಳಿ ಸೀರೆಯ ಹೆಂಗಸೊಬ್ಬಳು ಜನರನ್ನು ಸರಿಸಿಕೊಂಡು ಅವನ ಕಡೆ ಬಂದಳು. ಅವ್ವ ಗಿರಿಜಾಬಾಯಿ. ನಾಗಪುರದಿಂದ ಬಂದಾಗಿನಿಂದ ಅವಳು ಬಿಳಿ ಸೀರೆಯನ್ನೇ ಉಡುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮರೆತು ಬಂದಂತಿತ್ತು.

"ನಿಮ್ಮಪ್ಪ ಇಲ್ಲಿ ಬಂದಾನೇನೋ?" ಎಂದಳು.

ಇಲ್ಲ ಎಂದು ಮಚ್ಛೇಂದ್ರ ತಲೆಯಾಡಿಸಿದ. ಕಾಗದ ಇನ್ನೂ ಅವನ ಕೈಯಲ್ಲಿತ್ತು, ಶಾಯಿ ಆರಿರಲಿಲ್ಲ.

ಕಳಸವಾಡಿಯ ಗೋದಾಮಿನಲ್ಲಿ ಕುಣಿ ಸಿಕ್ಕಿದೆ, ಗೌಸೋದ್ದೀನ ಒಪ್ಪಿಕೊಂಡಿದ್ದಾನೆ, ಶಿವರಾಜಪ್ಪ ಸಾಕ್ಷಿ ಹೇಳಿದ್ದಾರೆ ಎಂಬ ಸುದ್ದಿ ನಿನ್ನೆ ಮಧ್ಯಾಹ್ನವೇ ಸಂತೆಯಿಂದ ಬಂದವರು ಭಾತಂಬ್ರಾಕ್ಕೆ ತಂದಿದ್ದರು. ಕಾಶೀರಾಮ ಊಟದ ತಾಟಿನ ಮುಂದೆ ಕುಳಿತಿದ್ದವನು ಶಿವರಾಜಪ್ಪನ ಹೆಸರು ಕೇಳಿ ಕೈ ತೊಳೆದುಕೊಂಡು ಎದ್ದನಂತೆ. ಎಂಟು ವರ್ಷದಿಂದ ಮುಟ್ಟದ ಗುದ್ದಲಿಯನ್ನು ಗೂಟದಿಂದ ಇಳಿಸಿ, ಹಿಡಿಕೆ ಗಟ್ಟಿ ಇದೆಯೇ ಎಂದು ನೋಡಿದನಂತೆ.

ಮಚ್ಛೇಂದ್ರನ ಕಣ್ಣು ತಾನಾಗಿ ಮಂಟಪದ ಕಡೆ ಹೋಯಿತು. ಹನ್ನೊಂದು ದಾಟಿತ್ತು. ಗಾದಿಯ ಕುರ್ಚಿ ಈಗಲೂ ಖಾಲಿಯೇ ಇತ್ತು. ಶಿವರಾಜಪ್ಪನವರ ಮನೆಗೆ ಹೋಗಿದ್ದ ಆಳು ಬಂದು, ಸಾಹುಕಾರರು ನಿನ್ನೆ ಸಂಜೆ ಹೊಲಕ್ಕೆ ಹೋದವರು ಇನ್ನೂ ಬಂದಿಲ್ಲವೆಂದು ಬಣ್ಣದವನಿಗೆ ಹೇಳುತ್ತಿದ್ದ.

"ಎಲ್ಲಿಗಿ ಹೊಂಟೀ ಅಂತ ಕೇಳದೆ," ಎಂದಳು ಗಿರಿಜಾಬಾಯಿ. "ಇನ್ನೊಂದು ಕುಣಿ ಬಾಕಿ ಅದ ಅಂದ. ಯಾರದೋ, ಯಾರು ಸತ್ತಾರ ಅಂತ ಕೇಳದೆ. ಅವನು ತಲಿಗಿಂಬಿನ ಕೆಳಗಿಂದ ಒಂದು ಹಳೀ ದಾರ ತಗದು ಕೈಗಿ ಸುತಗೊಂಡ. ಹೊಡದವನ ಪಾದದ ಅಳತಿ ಎಂಟು ವರ್ಷದಿಂದ ನನ್ನ ಹತ್ರ ಅದ ಅಂದ."